ಎಚ್3 ಹಿಸ್ಟೋನ್: ಡಿಎನ್‌ಎಯ ಒಂದೇ ಅಕ್ಷರ ಬದಲಾದರೆ ಮಿದುಳಲ್ಲಿ ಗೆಡ್ಡೆ! ಏನಿದು ಕೆ27ಎಂ, ಔಷಧ ಎಲ್ಲಿವರೆಗೆ ಬಂದಿದೆ?

2025ರ ಆಗಸ್ಟ್ 6ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಡೋರ್ಡಾವಿಪ್ರೋನ್ ಎಂಬ ಔಷಧಕ್ಕೆ ತ್ವರಿತ ಅನುಮೋದನೆ ನೀಡಿತು. ವಾರಕ್ಕೊಮ್ಮೆ ನುಂಗುವ ಈ ಕ್ಯಾಪ್ಸೂಲ್‌ನ ವ್ಯಾಪಾರಿ ಹೆಸರು ಮೊಡೆಯ್ಸೊ. ಯಾರಿಗೆ ಕೊಡಬಹುದು ಎಂಬುದನ್ನು ಅನುಮತಿಯಲ್ಲೇ ಬರೆಯಲಾಗಿದೆ: ಮಿದುಳಿನ ನಡುಭಾಗದಲ್ಲಿ ಹಬ್ಬುವ ಗ್ಲಯೋಮಾ ಗೆಡ್ಡೆ ಇದ್ದು, ಮೊದಲ ಚಿಕಿತ್ಸೆಯ ನಂತರವೂ ಅದು ಬೆಳೆದಿರುವ, ಒಂದು ವರ್ಷ ದಾಟಿದ ರೋಗಿಗಳಿಗೆ. ಜೊತೆಗೆ ಇನ್ನೊಂದು ಷರತ್ತಿದೆ. ಗೆಡ್ಡೆಯಲ್ಲಿ 'ಎಚ್3 ಕೆ27ಎಂ' ರೂಪಾಂತರ ಇರಲೇಬೇಕು.

ಈ ರೂಪಾಂತರ ಹೊತ್ತ ಗೆಡ್ಡೆಗೆಂದೇ ಅನುಮತಿ ಪಡೆದ ಮೊದಲ ಔಷಧ ಇದು. ಆದರೆ ವಿಚಿತ್ರವೆಂದರೆ ಔಷಧ ಆ ಎಚ್3 ಪ್ರೋಟೀನನ್ನು ಮುಟ್ಟುವುದೇ ಇಲ್ಲ. ಯಾಕೆ ಹೀಗೆ? ಅದು ತಿಳಿಯಬೇಕಾದರೆ ಎಚ್3 ಅಂದರೇನು, ಕೋಶದೊಳಗೆ ಅದರ ಕೆಲಸವೇನು ಎಂಬಲ್ಲಿಂದ ಶುರು ಮಾಡಬೇಕು.

ಎರಡು ಮೀಟರ್ ದಾರ, ಮೂರು ಕೋಟಿ ಬಾಬಿನ್

ಮನುಷ್ಯನ ಒಂದು ಜೀವಕೋಶದಲ್ಲಿರುವ ಡಿಎನ್‌ಎಯನ್ನು ಬಿಡಿಸಿ ಉದ್ದಕ್ಕೆ ಹಿಡಿದರೆ ಸುಮಾರು 2 ಮೀಟರ್ ಆಗುತ್ತದೆ. ಅಷ್ಟೂ ಡಿಎನ್‌ಎ, ಕೂದಲಿನ ದಪ್ಪದ ಹತ್ತನೇ ಒಂದು ಭಾಗದಷ್ಟೂ ಇಲ್ಲದ ಕೋಶಕೇಂದ್ರದೊಳಗೆ ಕೂತಿರಬೇಕು. ಸಿಕ್ಕುಗಟ್ಟಬಾರದು, ಬೇಕಾದಾಗ ಬೇಕಾದ ಜಾಗ ಬಿಚ್ಚಿಕೊಳ್ಳಬೇಕು. ಈ ವ್ಯವಸ್ಥೆ ನೋಡಿಕೊಳ್ಳುವ ಪ್ರೋಟೀನ್‌ಗಳೇ ಹಿಸ್ಟೋನ್‌ಗಳು.

ಎಚ್2ಎ, ಎಚ್2ಬಿ, ಎಚ್3, ಎಚ್4 ಎಂಬ ನಾಲ್ಕು ಬಗೆಯ ಹಿಸ್ಟೋನ್‌ಗಳು ತಲಾ ಎರಡರಂತೆ ಸೇರಿ ಎಂಟರ ಒಂದು ಗುಂಪಾಗುತ್ತವೆ. ಹೊಲಿಗೆ ಯಂತ್ರದ ಬಾಬಿನ್‌ಗೆ ದಾರ ಸುತ್ತಿದಂತೆ ಈ ಗುಂಪಿನ ಮೇಲೆ ಡಿಎನ್‌ಎಯ 147 ಅಕ್ಷರಜೋಡಿಗಳು ಒಂದೂಮುಕ್ಕಾಲು ಸುತ್ತಿಗೆ ಸ್ವಲ್ಪ ಕಡಿಮೆ ಸುತ್ತಿಕೊಳ್ಳುತ್ತವೆ. ಇದರ ಹೆಸರು ನ್ಯೂಕ್ಲಿಯೋಸೋಮ್. ಒಂದು ಕೋಶದಲ್ಲಿ ಇಂಥ ಬಾಬಿನ್‌ಗಳು ಸುಮಾರು 3 ಕೋಟಿ. ಎಚ್1 ಎಂಬ ಐದನೇ ಹಿಸ್ಟೋನ್ ಎರಡು ಬಾಬಿನ್‌ಗಳ ನಡುವಿನ ದಾರವನ್ನು ಹಿಡಿದಿಡುತ್ತದೆ.

ಹಿಸ್ಟೋನ್‌ಗಳನ್ನು ಮೊದಲು ಬೇರ್ಪಡಿಸಿದ್ದು ಜರ್ಮನಿಯ ಆಲ್ಬ್ರೆಕ್ಟ್ ಕೊಸೆಲ್. ಅದು 1884ರಲ್ಲಿ, ಹೆಬ್ಬಾತಿನ ರಕ್ತಕಣಗಳಿಂದ. ಅವರಿಗೆ 1910ರಲ್ಲಿ ನೊಬೆಲ್ ಬಂತು. ಆದರೆ ಬಾಬಿನ್‌ನ ರಚನೆ ಹೀಗಿರಬಹುದು ಎಂದು ರೋಜರ್ ಕಾರ್ನ್‌ಬರ್ಗ್ ಹೇಳಿದ್ದು 1974ರಲ್ಲಿ. ಅದರ ಪರಮಾಣು ಮಟ್ಟದ ಸ್ಪಷ್ಟ ಚಿತ್ರ ಸಿಕ್ಕಿದ್ದು 1997ರಲ್ಲಿ, ಜ್ಯೂರಿಕ್‌ನ ಪ್ರಯೋಗಾಲಯದಲ್ಲಿ. ನಡುವಿನ ದಶಕಗಳಲ್ಲಿ ಹೆಚ್ಚಿನವರು ಹಿಸ್ಟೋನನ್ನು ಬರೀ ಪ್ಯಾಕಿಂಗ್ ಸಾಮಾನು ಎಂದೇ ನೋಡಿದ್ದರು.

ಹಾಗಲ್ಲ ಎನ್ನಲು ಒಂದು ಸುಳಿವು ಮಾತ್ರ 1969ರಲ್ಲೇ ಸಿಕ್ಕಿತ್ತು. ಬಟಾಣಿ ಗಿಡದ ಎಚ್4 ಮತ್ತು ದನದ ಎಚ್4 ಎರಡನ್ನೂ ಹೋಲಿಸಿದಾಗ 102 ಅಮೈನೋ ಆಮ್ಲಗಳಲ್ಲಿ ವ್ಯತ್ಯಾಸ ಕಂಡಿದ್ದು ಕೇವಲ ಎರಡು ಕಡೆ. ಗಿಡವೂ ದನವೂ ವಿಕಾಸದಲ್ಲಿ ಬೇರೆಯಾಗಿ ನೂರು ಕೋಟಿ ವರ್ಷಕ್ಕೂ ಹೆಚ್ಚಾಗಿದೆ. ಅಷ್ಟು ಕಾಲ ಪ್ರಕೃತಿ ಕೈಹಾಕದೆ ಬಿಟ್ಟ ಪ್ರೋಟೀನ್ ಎಂದರೆ, ಅದರ ಒಂದು ಅಕ್ಷರ ಬದಲಾದರೂ ಜೀವಕ್ಕೆ ತಡೆಯುವುದಿಲ್ಲ ಎಂದೇ ಅರ್ಥ. ಎಚ್3 ಕೂಡ ಇದೇ ಜಾತಿಯದು.

ಬಾಲದಲ್ಲಿದೆ ಸ್ವಿಚ್

ಎಚ್3 ಚಿಕ್ಕ ಪ್ರೋಟೀನ್, ಒಟ್ಟು 135 ಅಮೈನೋ ಆಮ್ಲಗಳು. ಅದರ ಬಹುಭಾಗ ಬಾಬಿನ್‌ನೊಳಗೆ ಅಡಗಿದ್ದರೆ, ಒಂದು ತುದಿ ಮಾತ್ರ ಬಾಲದಂತೆ ಹೊರಗೆ ಚಾಚಿರುತ್ತದೆ. ಆ ಬಾಲದ ಮೇಲೆ ಕೋಶದ ಕಿಣ್ವಗಳು ಚಿಕ್ಕ ಚಿಕ್ಕ ರಾಸಾಯನಿಕ ಗುರುತು ಅಂಟಿಸುತ್ತವೆ, ಬೇಡವಾದಾಗ ಕಿತ್ತುಹಾಕುತ್ತವೆ. ಯಾವ ಜಾಗದಲ್ಲಿ ಯಾವ ಗುರುತಿದೆ ಎಂಬುದನ್ನು ನೋಡಿ ಅಲ್ಲಿನ ಜೀನ್ ಚಾಲೂ ಆಗಬೇಕೋ, ಸುಮ್ಮನಿರಬೇಕೋ ನಿರ್ಧಾರವಾಗುತ್ತದೆ. ಕಣ್ಣಿನ ಕೋಶ, ಲಿವರ್‌ನ ಕೋಶ ಎರಡರಲ್ಲೂ ಡಿಎನ್‌ಎ ಒಂದೇ. ಆದರೂ ಎರಡೂ ಬೇರೆ ಬೇರೆ ಆಗಿ ಉಳಿದಿರುವುದರಲ್ಲಿ ಈ ಗುರುತುಗಳಿಗೆ ದೊಡ್ಡ ಪಾಲಿದೆ.

1964ರಲ್ಲಿ ವಿನ್ಸೆಂಟ್ ಆಲ್ಫ್ರೀ ಇದನ್ನು ಊಹಿಸಿದ್ದರು. ಗುರುತು ಅಂಟಿಸುವ ಕಿಣ್ವಕ್ಕೂ ಜೀನ್ ಚಾಲೂ ಆಗುವುದಕ್ಕೂ ನೇರ ನಂಟಿದೆ ಎಂದು 1996ರಲ್ಲಿ ತೋರಿಸಿದವರು ಡೇವಿಡ್ ಆಲಿಸ್. ಅದಕ್ಕೆ ಅವರು ಬಳಸಿದ್ದು ಕೆರೆ ನೀರಿನಲ್ಲಿ ಈಜುವ ಟೆಟ್ರಹೈಮಿನಾ ಎಂಬ ಏಕಕೋಶ ಜೀವಿಯನ್ನು. ಅದೇ ವರ್ಷ ಸ್ಟುವರ್ಟ್ ಶ್ರೈಬರ್ ತಂಡ ಗುರುತು ಕೀಳುವ ಕಿಣ್ವವನ್ನು ಹಿಡಿಯಿತು. ಎಪಿಜೆನೆಟಿಕ್ಸ್ ಎಂಬ ಪದ ಈಗ ಸೌಂದರ್ಯವರ್ಧಕ ಕ್ರೀಮಿನ ಜಾಹೀರಾತಿನಲ್ಲೂ ಕಾಣಿಸುತ್ತದೆ. ಅದರ ಗಟ್ಟಿ ತಳಪಾಯ ಇಂಥ ಕೆಲಸಗಳಲ್ಲಿದೆ.

ಈ ಲೇಖನಕ್ಕೆ ಮುಖ್ಯವಾದ ಜಾಗ ಎಚ್3 ಬಾಲದ 27ನೇ ಸ್ಥಾನ. ಅಲ್ಲಿರುವುದು ಲೈಸಿನ್ ಎಂಬ ಅಮೈನೋ ಆಮ್ಲ. ವಿಜ್ಞಾನಿಗಳ ಸಂಕೇತದಲ್ಲಿ ಲೈಸಿನ್‌ಗೆ 'ಕೆ' ಅಕ್ಷರ. ಹಾಗಾಗಿ ಅದು ಕೆ27.

ಪಿಆರ್‌ಸಿ2 ಎಂಬ ಕಿಣ್ವಗಳ ಕೂಟ ಕೆ27ರ ಮೇಲೆ ಮೂರು ಮೀಥೈಲ್ ಗುಂಪು ಕೂರಿಸಿದರೆ ಅಲ್ಲಿನ ಜೀನ್‌ಗೆ ಬೀಗ ಬೀಳುತ್ತದೆ. ಪಿ300 ಎಂಬ ಇನ್ನೊಂದು ಕಿಣ್ವ ಅದೇ ಜಾಗಕ್ಕೆ ಅಸೀಟೈಲ್ ಗುಂಪು ಹಾಕಿದರೆ ಬೀಗ ತೆರೆಯುತ್ತದೆ. ಎರಡೂ ಒಟ್ಟಿಗೆ ಇರಲಾರವು. ಭ್ರೂಣ ಬೆಳೆಯುವಾಗ, ಅದರಲ್ಲೂ ಮಿದುಳು ರೂಪುಗೊಳ್ಳುವಾಗ, ಯಾವ ಕೋಶ ಇನ್ನೂ ವಿಭಜನೆಯಾಗಬೇಕು, ಯಾವುದು ನಿಂತು ಪಕ್ವವಾಗಬೇಕು ಎಂಬ ತೀರ್ಮಾನಗಳು ಈ ಬೀಗ-ಕೀಲಿಯ ಆಟವನ್ನೇ ನೆಚ್ಚಿಕೊಂಡಿವೆ.

ಎಚ್3ನಲ್ಲೂ ಒಳಬಗೆಗಳಿವೆ. ಎಚ್3.1 ತಯಾರಾಗುವುದು ಡಿಎನ್‌ಎ ನಕಲಾಗುವ ಹೊತ್ತಿನಲ್ಲಿ ಮಾತ್ರ. ಎಚ್3.3 ಹಾಗಲ್ಲ, ಯಾವಾಗ ಬೇಕಾದರೂ ತಯಾರಾಗಿ ಹಳೆಯದರ ಜಾಗಕ್ಕೆ ಸೇರಿಕೊಳ್ಳುತ್ತದೆ. ವಿಭಜನೆ ನಿಲ್ಲಿಸಿದ ನರಕೋಶಗಳಲ್ಲಿ ವಯಸ್ಸಾದಂತೆ ತುಂಬಿಕೊಳ್ಳುವುದು ಇದೇ. ಎರಡರ ನಡುವಿನ ಅಂತರ ಐದೇ ಅಮೈನೋ ಆಮ್ಲಗಳದ್ದು.

2012ರಲ್ಲಿ ಕಂಡದ್ದೇನು?

ಮಿದುಳು ಮತ್ತು ಬೆನ್ನುಹುರಿ ಕೂಡುವ ಕಡೆ ಪಾನ್ಸ್ ಎಂಬ ಭಾಗವಿದೆ. ಕಣ್ಣಿನ ಚಲನೆ, ಮುಖದ ಸ್ನಾಯು, ನುಂಗುವುದು, ಉಸಿರಾಟ ಎಲ್ಲದರ ನರಗಳೂ ಅಲ್ಲೇ ಹಾದುಹೋಗುತ್ತವೆ. ಈ ಪಾನ್ಸ್‌ನಲ್ಲಿ ಹರಡುವ ಗೆಡ್ಡೆಗೆ ವೈದ್ಯರು ಡಿಐಪಿಜಿ ಎನ್ನುತ್ತಾರೆ. ಹೆಚ್ಚಾಗಿ ಕಾಡುವುದು 5ರಿಂದ 10 ವರ್ಷದ ಮಕ್ಕಳನ್ನು. ಇದ್ದಕ್ಕಿದ್ದಂತೆ ಮೆಳ್ಳೆಗಣ್ಣು, ಎರಡೆರಡಾಗಿ ಕಾಣುವುದು, ಮುಖದ ಒಂದು ಬದಿ ಜೋಲುವುದು, ನಡಿಗೆ ತಪ್ಪುವುದು ಇದರ ಲಕ್ಷಣಗಳು. ಇವೆಲ್ಲ ಕೆಲವೇ ವಾರಗಳಲ್ಲಿ ಕಾಣಿಸಿಕೊಳ್ಳುತ್ತವೆ. ಗೆಡ್ಡೆ ಒಂದು ಉಂಡೆಯಾಗಿ ಇರದೆ ಆರೋಗ್ಯವಂತ ನರಗಳ ನಡುವೆ ಹೆಣೆದುಕೊಂಡಿರುವುದರಿಂದ ಕತ್ತರಿಸಿ ತೆಗೆಯಲು ಸಾಧ್ಯವಿಲ್ಲ. ರೋಗ ಪತ್ತೆಯಾದ ಮೇಲೆ ಅರ್ಧದಷ್ಟು ಮಕ್ಕಳು ಒಂದು ವರ್ಷವೂ ಬದುಕುವುದಿಲ್ಲ. ಎರಡು ವರ್ಷ ದಾಟುವವರು ಶೇ 10ರಷ್ಟು.

ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಅವರ ಮಗಳು ಕ್ಯಾರೆನ್ ತೀರಿಕೊಂಡಿದ್ದು ಇದೇ ಕಾಯಿಲೆಯಿಂದ, 1962ರ ಜನವರಿಯಲ್ಲಿ. ಆಗ ಆಕೆಗೆ ಮೂರು ವರ್ಷವೂ ತುಂಬಿರಲಿಲ್ಲ. ಅಂದು ವೈದ್ಯರ ಕೈಯಲ್ಲಿದ್ದ ಮುಖ್ಯ ಚಿಕಿತ್ಸೆ ವಿಕಿರಣ. ಅರವತ್ತು ವರ್ಷ ಕಳೆದ ಮೇಲೂ ಮೊದಲ ಚಿಕಿತ್ಸೆ ವಿಕಿರಣವೇ. ಯಂತ್ರ ಸುಧಾರಿಸಿದೆ, ಗುರಿ ನಿಖರವಾಗಿದೆ. ಸಾಮಾನ್ಯವಾಗಿ ಆರು ವಾರಗಳಲ್ಲಿ 30 ಕಂತಾಗಿ 54 ಗ್ರೇ ಕೊಡುತ್ತಾರೆ. ಕೆಲವು ತಿಂಗಳು ಮಗು ಚೇತರಿಸಿಕೊಳ್ಳುತ್ತದೆ, ಆಮೇಲೆ ಗೆಡ್ಡೆ ಮತ್ತೆ ಬೆಳೆಯುತ್ತದೆ. ಇದರಾಚೆ ಹತ್ತಾರು ಕೀಮೋ ಔಷಧಗಳನ್ನು ಪರೀಕ್ಷಿಸಿ ನೋಡಿದರೂ ಆಯುಷ್ಯ ಹೆಚ್ಚಲಿಲ್ಲ.

ಅಷ್ಟು ವರ್ಷ ಪ್ರಗತಿ ಆಗದಿರಲು ಒಂದು ಕಾರಣ ಬಯಾಪ್ಸಿಯನ್ನೇ ಮಾಡದಿದ್ದದ್ದು. ಪಾನ್ಸ್‌ಗೆ ಸೂಜಿ ಹಾಕುವುದು ಅಪಾಯ, ಎಂಆರ್‌ಐ ನೋಡಿದರೇ ಸಾಕು ಎಂಬ ಅಭಿಪ್ರಾಯ ಬಲವಾಗಿತ್ತು. ಹಾಗಾಗಿ ಗೆಡ್ಡೆಯ ಒಳಗೇನಿದೆ ಎಂದು ನೋಡಿದವರೇ ಕಡಿಮೆ. ಪ್ಯಾರಿಸ್‌ನ ವೈದ್ಯರು ಸುರಕ್ಷಿತವಾಗಿ ಬಯಾಪ್ಸಿ ಮಾಡಬಹುದು ಎಂದು ತೋರಿಸಿದರು. ಮಗುವನ್ನು ಕಳೆದುಕೊಂಡ ಎಷ್ಟೋ ತಂದೆ ತಾಯಿ ಶವಪರೀಕ್ಷೆಯಲ್ಲಿ ಗೆಡ್ಡೆಯ ಅಂಗಾಂಶ ಪಡೆಯಲು ಒಪ್ಪಿದರು. ಸಂಶೋಧನೆಗೆ ಸಾಮಗ್ರಿ ಸಿಕ್ಕಿದ್ದು ಹೀಗೆ.

2012ರಲ್ಲಿ ಕೆನಡಾದ ನಾಡಾ ಜಬಾದೊ, ಜರ್ಮನಿಯ ಸ್ಟೆಫಾನ್ ಫಿಸ್ಟರ್ ಮತ್ತಿತರರ ತಂಡವೂ, ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆ ಮತ್ತು ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡವೂ ಪ್ರತ್ಯೇಕವಾಗಿ ಒಂದೇ ಫಲಿತಾಂಶ ಪ್ರಕಟಿಸಿದವು. ಡಿಐಪಿಜಿ ಇರುವ ಮಕ್ಕಳಲ್ಲಿ ಸುಮಾರು ಶೇ 80ರಷ್ಟು ಮಂದಿಯ ಗೆಡ್ಡೆಯಲ್ಲಿ ಎಚ್3 ಜೀನ್‌ನ ಒಂದೇ ಅಕ್ಷರ ಬದಲಾಗಿತ್ತು. ಎಎಜಿ ಎಂದಿರಬೇಕಾದಲ್ಲಿ ಎಟಿಜಿ. ಅದರಿಂದ 27ನೇ ಸ್ಥಾನದ ಲೈಸಿನ್ ಹೋಗಿ ಮೀಥಿಯೋನಿನ್ ಬಂದಿತ್ತು. ಮೀಥಿಯೋನಿನ್‌ನ ಸಂಕೇತ 'ಎಂ'. ಕೆ27ಎಂ ಎಂಬ ಹೆಸರು ಬಂದದ್ದು ಇಲ್ಲಿಂದ. ನೂರು ಕೋಟಿ ವರ್ಷ ಹೆಚ್ಚೂಕಡಿಮೆ ಹಾಗೇ ಉಳಿದಿದ್ದ ಹಿಸ್ಟೋನ್‌ನಲ್ಲೇ ಬದಲಾವಣೆಯಾಗಿ ಮನುಷ್ಯನಿಗೆ ಕ್ಯಾನ್ಸರ್ ತರಬಹುದು ಎಂದು ಜಗತ್ತಿಗೆ ಗೊತ್ತಾದದ್ದು ಆಗ.

ಇದು ತಂದೆ ತಾಯಿಯಿಂದ ಬಂದದ್ದಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಬಹುತೇಕ ಎಲ್ಲ ಪ್ರಕರಣಗಳಲ್ಲೂ ರೂಪಾಂತರ ಹುಟ್ಟುವುದು ಬೆಳೆಯುತ್ತಿರುವ ಮಿದುಳಿನ ಒಂದು ಕೋಶದಲ್ಲಿ, ಆಕಸ್ಮಿಕವಾಗಿ. ಗರ್ಭಿಣಿ ತಿಂದದ್ದು, ಮಗು ಮೊಬೈಲ್ ನೋಡಿದ್ದು ಇದಕ್ಕೆ ಕಾರಣ ಎಂಬ ಮಾತುಗಳಿಗೆ ಆಧಾರವಿಲ್ಲ.

ಒಂದು ಪ್ರತಿ ಕೆಟ್ಟರೆ ಎಲ್ಲವೂ ಕೆಡುವುದೇಕೆ?

ಎಚ್3 ತಯಾರಿಸಲು ಮನುಷ್ಯನಲ್ಲಿ ಹತ್ತಕ್ಕೂ ಹೆಚ್ಚು ಜೀನ್‌ಗಳಿವೆ, ಪ್ರತಿಯೊಂದಕ್ಕೂ ಎರಡು ಪ್ರತಿ. ಅಷ್ಟರಲ್ಲಿ ಕೆಟ್ಟಿರುವುದು ಒಂದೇ ಒಂದು ಪ್ರತಿ. ಉಳಿದವು ಸರಿಯಾದ ಎಚ್3ಯನ್ನೇ ತಯಾರಿಸುತ್ತಿರುತ್ತವೆ. ಆದರೂ ಗೆಡ್ಡೆಯ ಕೋಶದಲ್ಲಿ ಮೀಥೈಲ್ ಬೀಗ ಬಹುತೇಕ ಎಲ್ಲ ಕಡೆ ಮಾಯವಾಗಿರುತ್ತದೆ. ಸರಿಯಾದ ಎಚ್3 ಮೇಲೂ!

ಕಾರಣ 2013ರಲ್ಲಿ ಸಿಕ್ಕಿತು. ಆಲಿಸ್ ಅವರ ಪ್ರಯೋಗಾಲಯದ ಸಂಶೋಧಕರು ತೋರಿಸಿದಂತೆ, ಕೆಟ್ಟ ಎಚ್3 ತನ್ನಷ್ಟಕ್ಕೆ ಸುಮ್ಮನೆ ಇರುವುದಿಲ್ಲ. ಬೀಗ ಹಾಕುವ ಪಿಆರ್‌ಸಿ2 ಕಿಣ್ವದ ಕೆಲಸವನ್ನೇ ಅದು ತಡೆಯುತ್ತದೆ. ಕಿಣ್ವದ ಹಿಡಿತಕ್ಕೆ ಮೀಥಿಯೋನಿನ್ ಸಿಕ್ಕಿಕೊಂಡು, ಅದು ಮುಂದಿನ ಬಾಬಿನ್‌ಗೆ ಹೋಗದಂತೆ ಕಟ್ಟಿಹಾಕುತ್ತದೆ ಎಂಬುದು ಆಗಿನ ವಿವರಣೆ. ಕಿಣ್ವ ನಿಜಕ್ಕೂ ಅಲ್ಲೇ ಕಟ್ಟಿಬಿದ್ದಿರುತ್ತದೆಯೇ, ಇಲ್ಲ ಒಮ್ಮೆ ತಗುಲಿ ಸೊರಗಿಹೋಗುತ್ತದೆಯೇ ಎಂಬ ಬಗ್ಗೆ ನಂತರ ಬೇರೆ ಬೇರೆ ವಾದಗಳು ಬಂದಿವೆ. ಫಲ ಮಾತ್ರ ಒಂದೇ. ಬೀಗ ಬೀಳಬೇಕಾದ ಜೀನ್‌ಗಳು ತೆರೆದೇ ಉಳಿಯುತ್ತವೆ. ಪಕ್ವವಾಗಿ ನಿಲ್ಲಬೇಕಿದ್ದ ಮಿದುಳಿನ ಎಳೆಯ ಕೋಶ ಎಳೆಯದಾಗಿಯೇ ವಿಭಜನೆಯಾಗುತ್ತಾ ಹೋಗುತ್ತದೆ.

ಚರ್ಮದಲ್ಲೋ ಕರುಳಲ್ಲೋ ಇದೇ ಬದಲಾವಣೆ ಸಾಮಾನ್ಯವಾಗಿ ಕ್ಯಾನ್ಸರ್ ತರುವುದಿಲ್ಲ. ನರಗಳಿಗೆ ಹೊದಿಕೆ ಹೆಣೆಯುವ ಕೋಶಗಳ ಪೂರ್ವಜರಂಥ ಎಳೆಯ ಕೋಶಗಳಿಗೆ ಮಾತ್ರ ಅದು ಮಾರಕ. ಈ ಕಾಯಿಲೆ ಬಾಲ್ಯದಲ್ಲೇ, ಅದೂ ಮಿದುಳಿನ ನಡುಗೆರೆಯಲ್ಲೇ ಕಾಣಿಸುವುದಕ್ಕೆ ಇದೇ ಕಾರಣ ಎಂದು ಸಂಶೋಧಕರು ನಂಬುತ್ತಾರೆ. ಎಚ್3ನ ಬೇರೆ ಸ್ಥಾನಗಳು ಬದಲಾದರೆ ಕಾಯಿಲೆಯೇ ಬೇರೆ: 34ನೇ ಸ್ಥಾನ ಕೆಟ್ಟರೆ ಹದಿಹರೆಯದವರ ಮಿದುಳಿನ ಮೇಲ್ಭಾಗದ ಗೆಡ್ಡೆ ಅಥವಾ ಮೂಳೆಯ ಜಯಂಟ್ ಸೆಲ್ ಗೆಡ್ಡೆ, 36ನೇ ಸ್ಥಾನ ಕೆಟ್ಟರೆ ಮೂಳೆ ತುದಿಯ ಕಾಂಡ್ರೋಬ್ಲಾಸ್ಟೋಮಾ.

ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಮಿದುಳು ಗೆಡ್ಡೆಗಳ ಪಟ್ಟಿಗೆ ಕೆ27ಎಂ ಹೆಸರಿನಲ್ಲೇ ಹೊಸ ಕಾಯಿಲೆಯನ್ನು ಸೇರಿಸಿತು. 2021ರಲ್ಲಿ ಹೆಸರನ್ನು 'ಎಚ್3 ಕೆ27 ಬದಲಾವಣೆ' ಎಂದು ಹಿಗ್ಗಿಸಿತು. ಸೂಕ್ಷ್ಮದರ್ಶಕದಲ್ಲಿ ಎಷ್ಟೇ ಸೌಮ್ಯವಾಗಿ ಕಂಡರೂ ಇದು 4ನೇ ದರ್ಜೆಯ ಗೆಡ್ಡೆಯೇ.

ನೇರವಾಗಿ ಹೊಡೆಯಲು ಆಗುವುದಿಲ್ಲವೇ?

ಕೆಟ್ಟ ಪ್ರೋಟೀನ್ ಯಾವುದೆಂದು ಗೊತ್ತಾಯಿತು, ಅದನ್ನು ಬಂದ್ ಮಾಡುವ ಔಷಧ ತಯಾರಿಸಿದರಾಯಿತಲ್ಲ ಎನ್ನಿಸುವುದು ಸಹಜ. ರಕ್ತ ಕ್ಯಾನ್ಸರ್‌ನ ಇಮಾಟಿನಿಬ್ ಮಾತ್ರೆ ಹಾಗೇ ಗೆದ್ದಿತ್ತು. ಆದರೆ ಅದು ಹಿಡಿದದ್ದು ಒಂದು ಕಿಣ್ವವನ್ನು. ಕಿಣ್ವಕ್ಕೆ ಔಷಧದ ಅಣು ಕೂರುವಂಥ ಗುಳಿ ಇರುತ್ತದೆ. ಹಿಸ್ಟೋನ್ ಕಿಣ್ವವಲ್ಲ. ಅದರ ಬಾಲಕ್ಕೆ ಗಟ್ಟಿ ಆಕಾರವೇ ಇಲ್ಲ. ಮೇಲಾಗಿ ಸರಿಯಾದ ಎಚ್3 ದೇಹದ ಪ್ರತಿ ಕೋಶಕ್ಕೂ ಬೇಕು. ಇಷ್ಟಾದರೂ ಸಾಲದೆಂದು, ರಕ್ತದಿಂದ ಮಿದುಳಿಗೆ ಹೆಚ್ಚಿನ ಔಷಧಗಳನ್ನು ಬಿಡದ ತಡೆಗೋಡೆ ಬೇರೆ ಇದೆ.

ಹಾಗಾಗಿ ಸಂಶೋಧಕರು ಹಿಸ್ಟೋನ್‌ನ ಸುತ್ತಮುತ್ತ ಇರುವ ಕಿಣ್ವಗಳ ಕಡೆ ತಿರುಗಿದರು. ಅಸೀಟೈಲ್ ಗುರುತು ಕೀಳುವ ಕಿಣ್ವಗಳನ್ನು ತಡೆಯುವ ಔಷಧಗಳು ಆಗಲೇ ಇದ್ದವು. 2006ರಲ್ಲಿ ವೊರಿನೊಸ್ಟಾಟ್ ಚರ್ಮದ ಒಂದು ಲಿಂಫೋಮಾಕ್ಕೂ, 2015ರಲ್ಲಿ ಪ್ಯಾನೊಬಿನೊಸ್ಟಾಟ್ ಮಜ್ಜೆಯ ಕ್ಯಾನ್ಸರ್‌ಗೂ ಅನುಮತಿ ಪಡೆದಿದ್ದವು. ಫಿಟ್ಸ್‌ಗೆ ಕೊಡುವ ವಾಲ್ಪ್ರೋಯೇಟ್ ಕೂಡ ಇದೇ ಕಿಣ್ವವನ್ನು ತಡೆಯುತ್ತದೆ ಎಂದು 2001ರಲ್ಲಿ ಗೊತ್ತಾಗಿತ್ತು. ಡಿಐಪಿಜಿ ಕೋಶಗಳನ್ನು ಲ್ಯಾಬ್ ತಟ್ಟೆಯಲ್ಲಿಟ್ಟು ನೋಡಿದಾಗ ಪ್ಯಾನೊಬಿನೊಸ್ಟಾಟ್ ಚೆನ್ನಾಗಿ ಕೆಲಸ ಮಾಡಿತು. ಮಿದುಳಿಗೆ ಸಾಕಷ್ಟು ತಲುಪಿಸುವುದೇ ಕಷ್ಟವಾಯಿತು. ವಿಕಿರಣದ ಜೊತೆ ವೊರಿನೊಸ್ಟಾಟ್ ಕೊಟ್ಟ ಮಕ್ಕಳ ಟ್ರಯಲ್‌ನಲ್ಲೂ ಆಯುಷ್ಯ ಹೆಚ್ಚಲಿಲ್ಲ.

ಇನ್ನೊಂದು ದಾರಿ ಮೇಲ್ನೋಟಕ್ಕೆ ತಲೆಕೆಳಗು. ಪಿಆರ್‌ಸಿ2 ಮೊದಲೇ ಸೊರಗಿದೆ, ಆದರೆ ಪೂರ್ತಿ ಸತ್ತಿಲ್ಲ. ಗೆಡ್ಡೆಗೆ ಕಡಿವಾಣ ಹಾಕಬಲ್ಲ ಕೆಲವು ಜೀನ್‌ಗಳ ಮೇಲೆ ಮಾತ್ರ ಅದರ ಬೀಗ ಉಳಿದಿರುತ್ತದೆ. ಆ ಉಳಿದ ಶಕ್ತಿಯನ್ನೂ ತೆಗೆದರೆ ಗೆಡ್ಡೆಯೇ ನಿಲ್ಲಬಹುದು ಎಂಬ ಲೆಕ್ಕಾಚಾರ 2017ರಲ್ಲಿ ಇಲಿಗಳಲ್ಲಿ ಫಲ ಕೊಟ್ಟಿತು. ಇದೇ ಕಿಣ್ವವನ್ನು ತಡೆಯುವ ಟಾಜೆಮೆಟೊಸ್ಟಾಟ್‌ಗೆ 2020ರಲ್ಲಿ ಅಮೆರಿಕ ಅನುಮತಿ ನೀಡಿದ್ದು ಮಾತ್ರ ಬೇರೆ ಎರಡು ಕ್ಯಾನ್ಸರ್‌ಗಳಿಗೆ.

ಪುನರ್ಪುಳಿ, ಗೇರು, ಅರಿಶಿನ: ಬೆಂಗಳೂರಿನ ಕೆಲಸ

ಕೆ27ಕ್ಕೆ ಅಸೀಟೈಲ್ ಹಾಕುವ ಪಿ300 ಕಿಣ್ವದ ಅಧ್ಯಯನದಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಹೆಸರು ದೊಡ್ಡದು. ತಪಸ್ ಕುಂಡು ನೇತೃತ್ವದ ತಂಡ ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿರುವ ಅನಕಾರ್ಡಿಕ್ ಆಮ್ಲ ಈ ಕಿಣ್ವವನ್ನು ತಡೆಯುತ್ತದೆ ಎಂದು 2003ರಲ್ಲಿ ತೋರಿಸಿತು. 2004ರಲ್ಲಿ ಇನ್ನೆರಡು ಅಣುಗಳು ಸೇರಿದವು. ಒಂದು ಅರಿಶಿನದ ಕರ್ಕ್ಯುಮಿನ್. ಇನ್ನೊಂದು ಗಾರ್ಸಿನಾಲ್, ಮುಂಬೈ ಕಡೆ ಕೋಕಂ, ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ, ಉತ್ತರ ಕನ್ನಡದಲ್ಲಿ ಮುರುಗಲು ಎನ್ನುವ ಹಣ್ಣಿನಲ್ಲಿ ಸಿಗುವಂಥದ್ದು.

ಇದನ್ನು ಓದಿ ಯಾರೂ ಸೋಲ್‌ಕಡಿ ಕುಡಿದರೆ ಗೆಡ್ಡೆ ಕರಗುತ್ತದೆ ಎಂದು ವಾಟ್ಸಪ್‌ನಲ್ಲಿ ಹಾಕಬಾರದು. ಲ್ಯಾಬ್‌ನಲ್ಲಿ ಕಿಣ್ವದ ಮೇಲೆ ಶುದ್ಧ ಅಣುವನ್ನು ನೇರವಾಗಿ ಹಾಕುವುದಕ್ಕೂ, ಊಟದಲ್ಲಿ ತಿಂದು ಅದು ಮಿದುಳು ತಲುಪುವುದಕ್ಕೂ ಅಜಗಜಾಂತರ. ಕರ್ಕ್ಯುಮಿನ್ ಅಂತೂ ಕರುಳಿನಿಂದ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಈ ಅಣುಗಳ ನಿಜವಾದ ಬೆಲೆ ಬೇರೆ: ಹಿಸ್ಟೋನ್‌ಗೆ ಗುರುತು ಹಾಕುವ ಕಿಣ್ವವನ್ನು ಸಣ್ಣ ಅಣುವೊಂದು ತಡೆಯಬಲ್ಲದು ಎಂದು ತೋರಿಸಿಕೊಟ್ಟು, ಮುಂದಿನ ಔಷಧ ವಿನ್ಯಾಸಕ್ಕೆ ಅವು ಮಾದರಿಯಾದವು.

ಡೋರ್ಡಾವಿಪ್ರೋನ್ ಮಾಡುವುದೇನು?

ಮೊದಲು ಒಎನ್‌ಸಿ201 ಎಂದು ಕರೆಯುತ್ತಿದ್ದ ಈ ಔಷಧ ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾಕ್ಕೆ ಹೋಗಿ, ಅಲ್ಲಿ ಬೇಡದ ಪ್ರೋಟೀನ್ ಕತ್ತರಿಸುವ ಕ್ಲಿಪ್‌ಪಿ ಎಂಬ ಕಿಣ್ವವನ್ನು ಕೆರಳಿಸುತ್ತದೆ. ಅದು ಬೇಕಾದ ಪ್ರೋಟೀನನ್ನೂ ಕತ್ತರಿಸಲು ಶುರುಮಾಡಿ ಕೋಶದ ಶಕ್ತಿ ವ್ಯವಸ್ಥೆ ಏರುಪೇರಾಗುತ್ತದೆ. ಆಗ ಶೇಖರವಾಗುವ ಕೆಲವು ರಾಸಾಯನಿಕಗಳು ಮೀಥೈಲ್ ಗುರುತು ಕೀಳುವ ಕಿಣ್ವಗಳನ್ನು ತಡೆಯುತ್ತವೆ. ಕಳೆದುಹೋಗಿದ್ದ ಕೆ27 ಬೀಗ ಒಂದಿಷ್ಟು ಮರಳಿ ಬರುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದವರ ನೇತೃತ್ವದ ಅಧ್ಯಯನ 2023ರಲ್ಲಿ ಇದನ್ನು ತೋರಿಸಿತು. ಎಚ್3 ಮುಟ್ಟದೆಯೇ ಎಚ್3 ಮೇಲಿನ ಗುರುತು ಬದಲಿಸುವ ಸುತ್ತುಬಳಸಿನ ದಾರಿ ಇದು. ಮಿದುಳಿನ ತಡೆಗೋಡೆಯನ್ನೂ ಈ ಔಷಧ ದಾಟುತ್ತದೆ.

ಈಗ ಅಂಕಿಗಳಿಗೆ ಬರೋಣ. ಅನುಮತಿಗೆ ಆಧಾರವಾದದ್ದು 50 ರೋಗಿಗಳ ಮಾಹಿತಿ. ಅವರಲ್ಲಿ ಗೆಡ್ಡೆ ಗಣನೀಯವಾಗಿ ಕುಗ್ಗಿದ್ದು ಶೇ 22 ಮಂದಿಗೆ. ಕುಗ್ಗಿದವರಲ್ಲಿ ಆ ಪರಿಣಾಮ ಉಳಿದ ಮಧ್ಯಂಕ ಅವಧಿ 10.3 ತಿಂಗಳು. ಐವರಲ್ಲಿ ನಾಲ್ವರಿಗೆ ಈ ಲಾಭ ಆಗಲಿಲ್ಲ ಎಂಬುದು ಇದರ ಇನ್ನೊಂದು ಮುಖ. ಸುದ್ದಿಗಳಲ್ಲಿ ಹೆಚ್ಚು ಬರದ ವಿವರವೊಂದಿದೆ: ಆ 50 ಮಂದಿಯಲ್ಲಿ ಬಹುಪಾಲು ವಯಸ್ಕರು, ಪಾನ್ಸ್‌ನ ಡಿಐಪಿಜಿ ಇದ್ದವರನ್ನು ಆ ಲೆಕ್ಕಕ್ಕೆ ಸೇರಿಸಿಕೊಂಡಿರಲಿಲ್ಲ. ಅನುಮತಿಯ ವ್ಯಾಪ್ತಿಗೆ ಆ ಮಕ್ಕಳೂ ಬರುತ್ತಾರೆ, ಆದರೆ ಶೇ 22 ಎಂಬ ಅಂಕಿಯನ್ನು ಅವರಿಗೆ ಹಾಗೇ ಅನ್ವಯಿಸುವಂತಿಲ್ಲ. ಸುಸ್ತು, ತಲೆನೋವು, ವಾಕರಿಕೆ, ವಾಂತಿ ಸಾಮಾನ್ಯ ಅಡ್ಡಪರಿಣಾಮಗಳು. ಹೃದಯದ ಬಡಿತದ ಲಯ ಏರುಪೇರಾಗಬಹುದಾದ್ದರಿಂದ ಇಸಿಜಿ ನೋಡುತ್ತಿರಬೇಕು.

ತ್ವರಿತ ಅನುಮೋದನೆ ಎಂದರೆ ಷರತ್ತಿನ ಅನುಮತಿ. ವಿಕಿರಣ ಮುಗಿದ ಕೂಡಲೇ ಈ ಔಷಧ ಶುರು ಮಾಡಿದರೆ ಆಯುಷ್ಯ ಹೆಚ್ಚುತ್ತದೆಯೇ ಎಂದು ಆ್ಯಕ್ಷನ್ ಹೆಸರಿನ ಮೂರನೇ ಹಂತದ ಟ್ರಯಲ್ ಪರೀಕ್ಷಿಸುತ್ತದೆ. ಕೆಲವರಿಗೆ ಔಷಧ, ಕೆಲವರಿಗೆ ಬರೀ ಹುಸಿ ಮಾತ್ರೆ ಕೊಟ್ಟು ಹೋಲಿಸುವ ಪರೀಕ್ಷೆ ಅದು. ಅನುಮತಿ ಮುಂದುವರಿಯುವುದು ಅದರ ಫಲಿತಾಂಶದ ಮೇಲೆ.

ಇತ್ತ ರೋಗನಿರೋಧಕ ಶಕ್ತಿಯನ್ನು ಬಳಸುವ ಪ್ರಯತ್ನಗಳೂ ನಡೆದಿವೆ. ಕೆ27ಎಂ ಗೆಡ್ಡೆಗಳ ಮೇಲ್ಮೈಯಲ್ಲಿ ಜಿಡಿ2 ಎಂಬ ಕೊಬ್ಬು-ಸಕ್ಕರೆಯ ಅಣು ದಟ್ಟವಾಗಿರುತ್ತದೆ. ಅದನ್ನು ಗುರುತಿಸುವಂತೆ ರೋಗಿಯದೇ ಟಿ ಕೋಶಗಳನ್ನು ಮಾರ್ಪಡಿಸಿ ಕೊಡುವ ಚಿಕಿತ್ಸೆಯನ್ನು ಸ್ಟ್ಯಾನ್‌ಫರ್ಡ್‌ನ ಮಿಷೆಲ್ ಮೊಂಜೆ, ಕ್ರಿಸ್ಟಲ್ ಮ್ಯಾಕಲ್ ತಂಡ 11 ಮಂದಿಗೆ ನೀಡಿತು. 2024ರಲ್ಲಿ ಪ್ರಕಟವಾದ ವರದಿಯಂತೆ ನಾಲ್ವರಲ್ಲಿ ಗೆಡ್ಡೆ ಅರ್ಧಕ್ಕಿಂತ ಹೆಚ್ಚು ಕುಗ್ಗಿತು, ಒಬ್ಬರಲ್ಲಿ ಪೂರ್ತಿ ಕಾಣದಾಯಿತು. ಕೆಟ್ಟ ಎಚ್3 ತುಣುಕನ್ನೇ ಲಸಿಕೆಯಾಗಿ ಕೊಟ್ಟ ಹೈಡೆಲ್‌ಬರ್ಗ್‌ನ ಪ್ರಯೋಗ ಎಂಟು ವಯಸ್ಕರ ಮೇಲೆ ನಡೆಯಿತು; ಅಲ್ಲೂ ಒಬ್ಬರಿಗೆ ಗೆಡ್ಡೆ ಮಾಯವಾಯಿತು. ಇದು ಎಚ್3 ಪ್ರೋಟೀನನ್ನೇ ನೇರ ಗುರಿಯಾಗಿಸಿಕೊಂಡ ಪ್ರಯತ್ನ. ಸಂಖ್ಯೆಗಳು ತೀರಾ ಸಣ್ಣವು, ಆದರೆ ಶೂನ್ಯವಲ್ಲ.

ರಿಪೋರ್ಟ್ ಕೈಗೆ ಬಂದಾಗ

ಬಯಾಪ್ಸಿ ಸಿಕ್ಕರೆ ಕೆ27ಎಂ ಇದೆಯೇ ಎಂದು ನೋಡಲು ಬಣ್ಣ ಹಾಕುವ ಪರೀಕ್ಷೆ ಸಾಕು. ರೂಪಾಂತರ ಇದ್ದರೆ ಗೆಡ್ಡೆಯ ಕೋಶಕೇಂದ್ರಗಳು ಬಣ್ಣ ಹಿಡಿಯುತ್ತವೆ. ಮೀಥೈಲ್ ಗುರುತಿಗೆ ಮಾಡುವ ಇನ್ನೊಂದು ಪರೀಕ್ಷೆಯಲ್ಲಿ ಬಣ್ಣ ಇಲ್ಲವಾಗುತ್ತದೆ. ಎರಡೂ ಹೊಂದಿದರೆ ರೋಗನಿರ್ಣಯ ಗಟ್ಟಿ. ಬೆಂಗಳೂರಿನ ನಿಮ್ಹಾನ್ಸ್, ಮುಂಬೈನ ಟಾಟಾ ಮೆಮೋರಿಯಲ್, ದೆಹಲಿಯ ಏಮ್ಸ್‌ನಂಥ ದೊಡ್ಡ ಕೇಂದ್ರಗಳಲ್ಲಿ ಈ ಪರೀಕ್ಷೆ ನಡೆಯುತ್ತದೆ.

ಜೀನ್ ಪರೀಕ್ಷೆಯ ವರದಿಯಲ್ಲಿ ಕೆಲವೊಮ್ಮೆ ಕೆ27ಎಂ ಬದಲು ಕೆ28ಎಂ ಎಂದು ಬರೆದಿರುತ್ತದೆ. ಪೋಷಕರು ಗಾಬರಿಯಾಗಬೇಕಿಲ್ಲ, ಎರಡೂ ಒಂದೇ. ಪ್ರೋಟೀನ್ ತಯಾರಾಗುವಾಗ ಮೊದಲು ಬಂದು ಆಮೇಲೆ ಕಳಚಿಹೋಗುವ ಅಮೈನೋ ಆಮ್ಲವನ್ನು ಲೆಕ್ಕಕ್ಕೆ ಹಿಡಿದರೆ 28, ಬಿಟ್ಟರೆ 27.

ಭಾರತದಲ್ಲಿ ಅನುಮತಿ ಇಲ್ಲದ ಔಷಧವನ್ನು ರೋಗಿಯ ಸ್ವಂತ ಬಳಕೆಗೆ ಅಲ್ಪ ಪ್ರಮಾಣದಲ್ಲಿ ತರಿಸಿಕೊಳ್ಳಲು ಔಷಧ ನಿಯಮಗಳಲ್ಲಿ ಅವಕಾಶವಿದೆ. ವೈದ್ಯರ ಚೀಟಿಯೊಂದಿಗೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒಗೆ ಫಾರ್ಮ್ 12ಎ ಸಲ್ಲಿಸಿದರೆ ಫಾರ್ಮ್ 12ಬಿಯಲ್ಲಿ ಪರವಾನಗಿ ಸಿಗುತ್ತದೆ. ಇದಕ್ಕಾಗಲಿ, ಯಾವುದೇ ಟ್ರಯಲ್‌ಗೆ ಸೇರುವುದಕ್ಕಾಗಲಿ ಆಸ್ಪತ್ರೆ ಮೊದಲು ಕೇಳುವುದು ರೂಪಾಂತರದ ವರದಿಯನ್ನು. ಬಯಾಪ್ಸಿಯ ಸ್ಲೈಡ್ ಮತ್ತು ಮೇಣದ ಬ್ಲಾಕ್‌ಗಳನ್ನು ಆಸ್ಪತ್ರೆಯಿಂದ ಪಡೆದು ಜೋಪಾನವಾಗಿ ಇಟ್ಟುಕೊಳ್ಳುವಂತೆ ವೈದ್ಯರು ಹೇಳುವುದು ಇದಕ್ಕಾಗಿಯೇ.